ದಿನಕ್ಕೆ ಹತ್ತು ಸೆಂಟ್

ನಾನು ಯಾವ ವಿದ್ಯೆಯನ್ನೂ ಮೊದಲಿನಿಂದ ಕಲಿತವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಒಪ್ಪಿಕೊಳ್ಳುತ್ತಿದ್ದೇನೆ. ಕಾರು ಓಡಿಸುವುದನ್ನು ರಿವರ್ಸ್ ಗೇರಿನಿಂದ ಕಲಿತೆ. ಪೆರಂಬೂರಿನ ನಮ್ಮ ಓಣಿ ಒಂದು ಗೋಡೆಗೆ ಹೋಗಿ ಮುಗಿಯುವುದರಿಂದ ಬೇರೆ ದಾರಿ ಇರಲಿಲ್ಲ. ಅಡುಗೆಯಲ್ಲಿ ಮೊದಲು ಕಲಿತದ್ದು ಒಗ್ಗರಣೆ. ಅದನ್ನು ಯಾವುದಕ್ಕೆ ಹಾಕಬೇಕೋ ಅದನ್ನು ಮಾಡುವುದಕ್ಕೆ ಈಗಲೂ ಬರುವುದಿಲ್ಲ. ಕನ್ನಡ ಓದು ಕೂಡ ಹಾಗೆಯೇ. ನಮ್ಮದು ತಾತನ ಕಾಲದಲ್ಲೇ ಮದರಾಸಿಗೆ ಬಂದ ಮನೆತನ. ಶಾಲೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡದ ಅಕ್ಷರ ಅಂತ ಇದ್ದದ್ದು ಪಂಚಾಂಗ ಒಂದರಲ್ಲೇ. ಹಾಗಾಗಿ 'ಅರಸ' 'ಆನೆ' ಗೊತ್ತಾಗುವ ಮೊದಲೇ ನಾನು 'ಕೃಷ್ಣಪಕ್ಷ' 'ವ್ಯತೀಪಾತ' ಓದುತ್ತಿದ್ದೆ. ಇಂಥವನು ಐವತ್ತಾರನೆಯ ವಯಸ್ಸಿನಲ್ಲಿ ಸಂಗೀತದ ಸಾಫ್ಟ್‌ವೇರ್ ಕಲಿಯಲು ಕೂತು, ನೇರವಾಗಿ ಅಡ್ವಾನ್ಸ್ಡ್ ಕೋರ್ಸಿನಿಂದಲೇ ಶುರು ಮಾಡಿದ ಅಂದರೆ ನನ್ನನ್ನು ಬಲ್ಲವರು ಯಾರೂ ಹುಬ್ಬೇರಿಸಲಿಲ್ಲ.

ಹುಬ್ಬೇರಿಸಬೇಕಾದದ್ದು ಬೇರೆ ವಿಷಯಕ್ಕೆ. ನನಗೆ ಸಂಗೀತವೇ ಬರುವುದಿಲ್ಲ. ಮೂವತ್ತು ವರ್ಷದಿಂದ ರೈಲ್ವೆ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ನನ್ನದು. ಬೋಲ್ಟಿಗೆ ಸುತ್ತಿಗೆ ತಟ್ಟಿ, ಸಡಿಲವೋ ಬಿಗಿಯೋ ಕಣ್ಣುಮುಚ್ಚಿ ಹೇಳಬಲ್ಲೆ. ಆದರೆ ಷಡ್ಜ ಯಾವುದು ಪಂಚಮ ಯಾವುದು ಅಂತ ಕೇಳಿದರೆ ಮೊದಲು ಯಾವುದು ಹಾಡಿದ್ದು ಅಂತ ನಾನೇ ತಿರುಗಿ ಕೇಳುತ್ತೇನೆ. ಸಂಗೀತವೆಲ್ಲ ನನ್ನ ಹೆಂಡತಿ ರುಕ್ಮಿಣಿಯ ಪಾಲಿನದು. ಅವಳು ನಂಜನಗೂಡಿನವಳು. ಮದುವೆಯಾಗಿ ಬಂದ ವಾರದಲ್ಲೇ ನನ್ನ ಕನ್ನಡ ಕೇಳಿ, "ಇದು ಯಾವ ಊರಿನ ತಮಿಳು?" ಅಂದಿದ್ದಳು. ದೇವರನಾಮಗಳನ್ನು ಐದೂವರೆ ಕಟ್ಟೈ ಶ್ರುತಿಯಲ್ಲಿ ಹಾಡುತ್ತಿದ್ದಳು. ಕಟ್ಟೈ ಅಂದರೆ ಹಾರ್ಮೋನಿಯಂ ಮನೆಗಳ ಲೆಕ್ಕ. ಇಲ್ಲಿಯವರು ಶ್ರುತಿಯನ್ನು ಅಳೆಯುವುದು ಹಾಗೆ. ಒಂಬತ್ತನೆಯ ವಯಸ್ಸಿನಲ್ಲಿ ಅವಳ ಮೇಷ್ಟರು ಐದೂವರೆಗೆ ಕೂರಿಸಿದ್ದರಂತೆ, ಅಲ್ಲಿಂದ ಅವಳು ಎದ್ದೇ ಇರಲಿಲ್ಲ. ಶನಿವಾರ ನಾಲ್ಕು ಹುಡುಗಿಯರು ಪಾಠಕ್ಕೆ ಬರುತ್ತಿದ್ದರು. ಮನೆಯಲ್ಲಿ ಅವಳ ದನಿ ಇಲ್ಲದ ಜಾಗ ಅಂದರೆ ಬಾತ್‌ರೂಮು, ಅದೂ ನಾನು ಒಳಗಿದ್ದಾಗ ಮಾತ್ರ.

ಹೋದ ವರ್ಷ ಕೀಲ್ಪಾಕಿನ ಆಸ್ಪತ್ರೆಯಲ್ಲಿ ಅವಳಿಗೆ ಥೈರಾಯ್ಡಿನ ಆಪರೇಷನ್ ಆಯಿತು. ಡಾಕ್ಟರು ಒಳ್ಳೆಯವರು, ಕೆಲಸವನ್ನೂ ಒಳ್ಳೆಯದಾಗಿಯೇ ಮಾಡಿದರು. ಮಾತು ಮೊದಲಿನ ಹಾಗೇ ಇರುತ್ತದೆ, ಹಾಡಿನಲ್ಲಿ ಮೇಲಿನ ಸ್ವರಗಳು ಮಾತ್ರ ಸ್ವಲ್ಪ ಕಷ್ಟವಾಗಬಹುದು, ಶ್ರುತಿ ಇಳಿಸಿಕೊಂಡು ದಿನಾ ಹಾಡುತ್ತಿರಿ, ಬಿಟ್ಟರೆ ಇರುವುದೂ ಹೋಗುತ್ತದೆ ಅಂತ ಹೇಳಿ ಕಳಿಸಿದರು. ಗಾಯ ಮಾಗಿದ ಮೇಲೆ ರುಕ್ಮಿಣಿ ಒಂದು ಬೆಳಿಗ್ಗೆ ಶ್ರುತಿಪೆಟ್ಟಿಗೆ ಹಾಕಿಕೊಂಡು ಕೂತಳು. ಐದೂವರೆಗೇ. ಮೇಲಿನ ಷಡ್ಜಕ್ಕೆ ಹೋಗುವಾಗ ದನಿ ಒಡೆಯಿತು. ಇನ್ನೊಮ್ಮೆ ಹೋದಳು, ಮತ್ತೆ ಒಡೆಯಿತು. ಪೆಟ್ಟಿಗೆಯನ್ನು ಆರಿಸಿ, ಅದರ ಬಟ್ಟೆಯ ಚೀಲಕ್ಕೆ ಹಾಕಿ, ದಾರ ಕಟ್ಟಿ ಕಪಾಟಿನಲ್ಲಿಟ್ಟಳು. ಶ್ರುತಿ ಇಳಿಸೋಣ ಅಂತ ನಾನು ಬಾಯಿಬಿಟ್ಟದ್ದಕ್ಕೆ, "ಇಳಿಸಿಕೊಂಡು ಹಾಡೋದಕ್ಕಿಂತ ಸುಮ್ಮನಿರೋದು ವಾಸಿ" ಅಂದಳು. ಹುಡುಗಿಯರ ತಾಯಂದಿರಿಗೆ ಫೋನು ಮಾಡಿ ರಜೆ ಅಂದಳು. ರಜೆ ಎಂಟು ತಿಂಗಳಾಯಿತು. ಆ ಎಂಟು ತಿಂಗಳಲ್ಲಿ ನಮ್ಮ ಮನೆಯ ಫ್ರಿಜ್ಜಿಗೆ ಅಷ್ಟು ಶಬ್ದವಿದೆ ಅಂತ ನನಗೆ ಮೊದಲ ಸಲ ಗೊತ್ತಾಯಿತು. ನನಗೆ ಭಯವಾಗುತ್ತಿತ್ತು. ಡಾಕ್ಟರು ಹೇಳಿದ ಕೊನೆಯ ಮಾತು ಪ್ರತಿ ಬೆಳಿಗ್ಗೆ ಕಾಫಿಯ ಜೊತೆ ನೆನಪಿಗೆ ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದು ಮಗಳ ಹಳೆಯ ಲ್ಯಾಪ್‌ಟಾಪು. ನಮ್ಮ ಶ್ರಾವ್ಯ ಬೆಸೆಂಟ್ ನಗರದ ಒಂದು ಸ್ಟುಡಿಯೋದಲ್ಲಿ ಜಾಹೀರಾತುಗಳಿಗೆ ಸಂಗೀತ ಕೂರಿಸುತ್ತಾಳೆ. ಕಡಲ ಹತ್ತಿರವೇ ಗೆಳತಿಯರ ಜೊತೆ ಮನೆ ಮಾಡಿಕೊಂಡಿದ್ದಾಳೆ. ಹೊಸ ಯಂತ್ರ ಬಂದ ಮೇಲೆ ಹಳೆಯದನ್ನು ನಮ್ಮಲ್ಲಿ ಬಿಟ್ಟುಹೋದಳು. ಅದರಲ್ಲಿ ಸಂಗೀತದ ಸಾಫ್ಟ್‌ವೇರೂ ಇತ್ತು, ಅದನ್ನು ಕಲಿಸುವ ವಿಡಿಯೋ ಪಾಠಗಳೂ ಇದ್ದವು. ಆರಂಭದ ಪಾಠಗಳನ್ನು ಅವಳು ಎಂದೋ ಮುಗಿಸಿ ಅಳಿಸಿಹಾಕಿದ್ದಳು, ಉಳಿದದ್ದು ಅಡ್ವಾನ್ಸ್ಡ್ ಮಾತ್ರ. ನಾನು ಅದನ್ನು ನೋಡಬಹುದೇ ಅಂತ ಫೋನಿನಲ್ಲಿ ಕೇಳಿದೆ. "ಅಪ್ಪಾ, ಅದು ಅಡ್ವಾನ್ಸ್ಡ್. ಉಂಗಳುಕ್ಕು ಒಣ್ಣುಮೇ ಪುರಿಯಾದು" ಅಂದಳು, ನಿಮಗೆ ಒಂದು ಅಕ್ಷರವೂ ಅರ್ಥವಾಗದು ಅಂತ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ಮಗುವಿನ ಪದ್ಧತಿ. ವ್ಯತೀಪಾತದಿಂದ ಅಕ್ಷರಾಭ್ಯಾಸ ಮಾಡಿದವನಿಗೆ ಈ ಮಾತು ಹೇಳಬಾರದಿತ್ತು.

ಪಾಠದ ಮೇಷ್ಟರು ಬೋಳುತಲೆಯ, ಬಹಳ ಸೌಮ್ಯ ಮನುಷ್ಯ, ಯಾವ ದೇಶದವರೋ ಏನೋ. ಪ್ರತಿ ಪಾಠವನ್ನೂ "ನಿಮಗೆಲ್ಲ ಈಗಾಗಲೇ ಗೊತ್ತಿರುವ ಹಾಗೆ" ಅಂತ ಶುರು ಮಾಡುತ್ತಿದ್ದರು. ಆಮೇಲೆ ಬರುತ್ತಿದ್ದದ್ದರಲ್ಲಿ ಒಂದೂ ನನಗೆ ಗೊತ್ತಿರುತ್ತಿರಲಿಲ್ಲ. ಆದರೂ ಆ ಮಾತಿನಲ್ಲಿ ಎಂಥ ಗೌರವ ಇತ್ತು ನೋಡಿ. ಕಾರ್ಖಾನೆಯಲ್ಲಿ ಮೂವತ್ತು ವರ್ಷದ ಮೇಲೂ ನನಗೆ ಏನೂ ಗೊತ್ತಿಲ್ಲ ಅಂತ ನಂಬಿಕೊಂಡೇ ಮಾತು ಶುರು ಮಾಡುವ ಮೇಲಧಿಕಾರಿಗಳನ್ನು ಕಂಡವನು ನಾನು. ಈ ಮನುಷ್ಯ ನನ್ನ ಮುಖ ಕಾಣದೆಯೇ ನನ್ನನ್ನು ಬಲ್ಲವರ ಸಾಲಿನಲ್ಲಿ ಕೂರಿಸಿದ್ದರು. ಆ ಮರ್ಯಾದೆ ಉಳಿಸಿಕೊಳ್ಳಲಿಕ್ಕಾದರೂ ಕಲಿಯಬೇಕು ಅನ್ನಿಸುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಾರ್ಖಾನೆಯ ಬೇವಿನ ಮರದ ಕೆಳಗೆ ಮೊಸರನ್ನದ ಡಬ್ಬಿ ಒಂದು ತೊಡೆಯ ಮೇಲೆ, ಲ್ಯಾಪ್‌ಟಾಪು ಇನ್ನೊಂದರ ಮೇಲೆ. ಜೊತೆಯವರು ನಾನು ಷೇರು ಪೇಟೆಗೆ ಇಳಿದಿದ್ದೇನೆ ಅಂತ ಮಾತಾಡಿಕೊಂಡರು. ಸಾವಿರ ಪುಟಕ್ಕೆ ಹತ್ತಿರದ ಕೈಪಿಡಿಯೊಂದಿತ್ತು. ಅದನ್ನೂ ಕೊನೆಯ ಪುಟದ ಪದಸೂಚಿಯಿಂದ ಹಿಂದಕ್ಕೆ ಓದಿದೆ. ಒಂದೂವರೆ ತಿಂಗಳಲ್ಲಿ ಹದಿಮೂರು ಪಾಠ ಮುಗಿಯಿತು. ಹದಿನಾಲ್ಕನೆಯದು ಮನುಷ್ಯರ ದನಿಯ ಗುಣ ಕೆಡದ ಹಾಗೆ ಶ್ರುತಿ ಬದಲಿಸುವುದರ ಬಗ್ಗೆ ಇತ್ತು. ಬಹಳ ಉದ್ದ ಅಂತ ಬಿಟ್ಟೆ. ಅದನ್ನು ನೋಡಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಒಂಬತ್ತನೆಯ ಪಾಠದಲ್ಲಿ ನನಗೆ ಬೇಕಾದದ್ದು ಸಿಕ್ಕಿತ್ತು. ಯಾವುದೇ ಧ್ವನಿಯನ್ನು ಮೇಲೆ ಕೆಳಗೆ ಜರುಗಿಸಬಹುದು, ಜರುಗಿಸುವ ಅತಿ ಸಣ್ಣ ಅಳತೆಗೆ ಸೆಂಟ್ ಅನ್ನುತ್ತಾರೆ. ನನಗೆ ಗೊತ್ತಿದ್ದದ್ದು ಜಾಗ ಅಳೆಯುವ ಸೆಂಟು. ಇಲ್ಲಿ ಅರ್ಧ ಕಟ್ಟೈಗೆ ನೂರು ಸೆಂಟು. ಐದೂವರೆಯಿಂದ ನಾಲ್ಕೂವರೆಗೆ ಬಂದರೆ ಇನ್ನೂರು. ಆಗ ನನ್ನೊಳಗಿನ ತಪಾಸಣಾಧಿಕಾರಿ ಎದ್ದು ಕೂತ. ನಮ್ಮ ಕಾರ್ಖಾನೆಯಲ್ಲಿ ಯಾವ ಅಳತೆಯೂ ಕರಾರುವಾಕ್ಕಾಗಿ ಇರುವುದಿಲ್ಲ. ಇಷ್ಟು ಹೆಚ್ಚು, ಇಷ್ಟು ಕಡಿಮೆ ಇದ್ದರೂ ನಡೆಯುತ್ತದೆ ಅಂತ ಒಂದು ಮಿತಿ ಇರುತ್ತದೆ. ಅದರೊಳಗಿನ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ ಅಂತ ಸಹಿ ಹಾಕಿ ಹಾಕಿಯೇ ನನ್ನ ತಲೆ ಬೆಳ್ಳಗಾದದ್ದು. ದಿನಕ್ಕೆ ಹತ್ತು ಸೆಂಟಿನಂತೆ ಇಳಿಸಿದರೆ ಇಪ್ಪತ್ತು ದಿನಕ್ಕೆ ನಾಲ್ಕೂವರೆ ಕಟ್ಟೈ. ರುಕ್ಮಿಣಿಗೆ ಗೊತ್ತೇ ಆಗುವುದಿಲ್ಲ, ದನಿ ತಾನಾಗಿ ವಾಪಸು ಬಂತು ಅಂತ ಅವಳು ನಂಬುತ್ತಾಳೆ. ಕಿವಿಗೂ ಇಷ್ಟು ಅಷ್ಟು ಅನ್ನುವ ಮಿತಿ ಇರುತ್ತದೆ ಅಂತ ನಾನು ಹೇಗೆ ಅಂದುಕೊಂಡೆನೋ. ಬೋಲ್ಟಿನ ಜೊತೆ ಬದುಕಿದವರಿಗೆ ಹಾಗೆಲ್ಲ ಅನ್ನಿಸುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಅವಳು ಮಠಕ್ಕೆ ಹೋಗಿದ್ದಾಗ ಶ್ರುತಿಪೆಟ್ಟಿಗೆಯನ್ನು ಚೀಲದಿಂದ ತೆಗೆದು, ಐದೂವರೆಗೆ ಹಾಕಿ, ಒಂದು ನಿಮಿಷ ರೆಕಾರ್ಡು ಮಾಡಿಕೊಂಡು, ದಾರವನ್ನು ಮೊದಲಿದ್ದ ಗಂಟಿನ ಹಾಗೇ ಕಟ್ಟಿಟ್ಟೆ. ಆಮೇಲೆ ಕೇಳಿದರೆ ಅದರೊಳಗೆ ದೂರದಿಂದ ನಮ್ಮ ಓಣಿಯ ಸೊಪ್ಪಿನವಳ ಕೂಗು. "ಕೀರೇ, ಅರಕ್ಕೀರೇ" ಅಂತ ಅವಳು ವರ್ಷವಿಡೀ ಏಳು ಗಂಟೆಗೆ ಬರುತ್ತಾಳೆ. ಬೇಡದ ಶಬ್ದ ತೆಗೆಯುವ ಹನ್ನೊಂದನೆಯ ಪಾಠದ ಪ್ರಕಾರ ಅವಳನ್ನು ತೆಗೆಯಲು ಹೋದೆ. ಸೊಪ್ಪಿನವಳು ಹೋಗಲಿಲ್ಲ, ಪೆಟ್ಟಿಗೆಯ ತಂಬೂರಿ ನಾದ ಬಾವಿಯೊಳಗಿಂದ ಬಂದ ಹಾಗೆ ಕೇಳಿಸತೊಡಗಿತು. ಇಷ್ಟು ಸಣ್ಣ ಕೂಗನ್ನು ಯಾರು ಗಮನಿಸುತ್ತಾರೆ ಅಂತ ಇದಕ್ಕೂ ಸಹಿ ಹಾಕಿದೆ. ಆ ಒಂದು ನಿಮಿಷವನ್ನೇ ಸುತ್ತಿ ಸುತ್ತಿ ಬಾರಿಸಬೇಕಾದ್ದರಿಂದ ನನ್ನ ತಂಬೂರಿಯೊಳಗೆ ಅವಳು ನಿಮಿಷಕ್ಕೊಂದು ಸಲ ಸೊಪ್ಪು ಮಾರುತ್ತಿದ್ದಳು.

ದಿನಾ ಹತ್ತು ಸೆಂಟು ಇಳಿಸಿದರೆ ಧ್ವನಿ ಕೆಡುವುದಿಲ್ಲವೇ ಅಂತ ಒಂದು ಅನುಮಾನ ಇತ್ತು. ಈ ಸಾಫ್ಟ್‌ವೇರ್ ಬಳಸುವವರು ಇಂಟರ್‌ನೆಟ್ಟಿನಲ್ಲಿ ಒಂದು ಕಡೆ ಸೇರಿ ಪ್ರಶ್ನೆ ಕೇಳುತ್ತಾರೆ, ಬಲ್ಲವರು ಪುಕ್ಕಟೆಯಾಗಿ ಉತ್ತರಿಸುತ್ತಾರೆ. ನಾನೂ ನನಗೆ ಬರುವ ಇಂಗ್ಲಿಷಿನಲ್ಲಿ ಬರೆದೆ. 'ನೀಲಿ ಗೂಬೆ' ಅಂತ ಹೆಸರಿಟ್ಟುಕೊಂಡ ಒಬ್ಬರು ಹೀಗೆ ಇಳಿಸುವ ಅಗತ್ಯ ಏನು ಅಂತ ಕೇಳಿದರು. ಪರದೇಶದ ಗೂಬೆಯ ಮುಂದೆ ಏನು ಸಂಕೋಚ, ಆಪರೇಷನ್ನಿನಿಂದ ಫ್ರಿಜ್ಜಿನ ಶಬ್ದದವರೆಗೆ ಎಲ್ಲ ಹೇಳಿಕೊಂಡೆ. ಮರುದಿನ ಎಂಟು ಪ್ಯಾರಾದ ಉತ್ತರ ಬಂತು. ಯಾವ ಗುಂಡಿ ಒತ್ತಬೇಕು, ಯಾವುದನ್ನು ಮುಟ್ಟಬಾರದು, ಹೆಜ್ಜೆ ಹೆಜ್ಜೆಗೂ ಚಿತ್ರ. ಹೆತ್ತ ಮಗಳಾದರೂ ಇಷ್ಟು ತಾಳ್ಮೆಯಿಂದ ಹೇಳಿಕೊಟ್ಟಿರಲಿಲ್ಲ. ಕೊನೆಯಲ್ಲಿ ಒಂದು ಸಾಲು ಇತ್ತು: 'ಯೋಜನೆ ಚೆನ್ನಾಗಿದೆ, ಆದರೆ ನನ್ನ ಹೆಂಡತಿಯಾಗಿದ್ದರೆ ಕಂಡುಹಿಡಿಯುತ್ತಿದ್ದಳು.' ಅವರ ಹೆಂಡತಿಯ ವಿಷಯ ನನಗೇಕೆ ಅಂತ ಬಿಟ್ಟುಬಿಟ್ಟೆ.

ರುಕ್ಮಿಣಿಯ ಹತ್ತಿರ ಹೋಗಿ, ಕೋರ್ಸಿನಲ್ಲಿ ಹೋಮ್‌ವರ್ಕ್ ಕೊಟ್ಟಿದ್ದಾರೆ, ಮನುಷ್ಯರ ದನಿಯೊಂದನ್ನು ದಿನಾ ಕಾಲು ಗಂಟೆ ರೆಕಾರ್ಡು ಮಾಡಬೇಕು, ಶ್ರುತಿ ಕೂಡ ಕಂಪ್ಯೂಟರಿನ ಒಳಗಿಂದಲೇ ಬರಬೇಕಂತೆ ಅಂದೆ. "ನೀವೇ ಹಾಡಿಕೊಳ್ಳಿ" ಅಂದಳು. ನಾನು ಹಾಡಿದೆ. ಎರಡು ಸಾಲು ಕೇಳಿ, "ಬೇಡ ಬನ್ನಿ, ಫೇಲ್ ಆಗ್ತೀರಿ" ಅಂತ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಎಂಟು ತಿಂಗಳ ಮೇಲೆ ಅವಳ ದನಿ ಕೇಳಿದಾಗ ನನಗೆ ಲ್ಯಾಪ್‌ಟಾಪಿನ ಪರದೆ ಸರಿಯಾಗಿ ಕಾಣಿಸಲಿಲ್ಲ. ಅವತ್ತು ಬರೀ ಕೆಳಗಿನ ಸ್ವರಗಳನ್ನೇ ಹಾಡಿ ಎದ್ದುಹೋದಳು. ಮರುದಿನ ಹತ್ತು ಸೆಂಟು ಇಳಿಸಿದೆ. ಅದರ ಮರುದಿನ ಮತ್ತೆ ಹತ್ತು. ತಪಾಸಣೆಯ ಪುಸ್ತಕದ ಹಿಂದಿನ ಪುಟದಲ್ಲಿ ಗುರುತು ಹಾಕುತ್ತ ಹೋದೆ. ಒಂದು ವಾರ ಕಳೆಯುವಷ್ಟರಲ್ಲಿ ಅವಳು ಸ್ವಲ್ಪ ಮೇಲಕ್ಕೂ ಹೋಗಿಬರುತ್ತಿದ್ದಳು. ನಾನು ಬೇವಿನ ಮರದ ಕೆಳಗೆ ಕೂತು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಇಳಿಸತೊಡಗಿದ ಒಂಬತ್ತನೆಯ ದಿನ ಗುರುವಾರ. ತೊಂಬತ್ತು ಸೆಂಟು ಕೆಳಗೆ ಅಂತ ಹಾಕುವ ಕಡೆ ಅವಸರದಲ್ಲಿ ತೊಂಬತ್ತು ಮೇಲೆ ಅಂತ ಹಾಕಿಬಿಟ್ಟೆ. ನನಗೆ ತಂಬೂರಿ ಎಂದಿನ ಹಾಗೇ ಕೇಳಿಸಿತು. ನನಗೆ ಯಾವತ್ತೂ ಎಲ್ಲ ಎಂದಿನ ಹಾಗೇ ಕೇಳಿಸುತ್ತದೆ. ರುಕ್ಮಿಣಿ ಬಾಯಿ ತೆರೆದವಳು ನಿಲ್ಲಿಸಿದಳು. ಒಂದು ನಿಮಿಷ ಲ್ಯಾಪ್‌ಟಾಪಿಗೆ ಕಿವಿಗೊಟ್ಟಳು. ಆಮೇಲೆ, "ಇವತ್ತು ಗಂಟಲು ಸರಿ ಇಲ್ಲ" ಅಂತ ಬಾಯಿಗೆ ಸೆರಗು ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದಳು. ಪರದೆಯ ಮೇಲೆ ನನ್ನ ತಪ್ಪು ಕಂಡಿತು. ಹಿಂದೆಯೇ ಓಡಿದೆ. ಅವಳು ನನಗೆ ಬೆನ್ನು ಮಾಡಿ ಸಿಂಕಿನ ಮುಂದೆ ನಿಂತಿದ್ದಳು, ಭುಜಗಳು ಕುಲುಕುತ್ತಿದ್ದವು. ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ಕೈಯಾರೆ ಅವಳನ್ನು ಅಳಿಸಿದೆ, ಇನ್ನು ಇವಳು ಜನ್ಮದಲ್ಲಿ ಹಾಡುವುದಿಲ್ಲ ಅನ್ನಿಸಿತು. ಅವತ್ತು ಕಾರ್ಖಾನೆಯಲ್ಲಿ ಊಟದ ಡಬ್ಬಿ ತೆರೆಯಲೂ ಮನಸ್ಸಾಗಲಿಲ್ಲ. ಮರುದಿನ ಏಳು ಗಂಟೆಗೆ ಲ್ಯಾಪ್‌ಟಾಪು ತೆರೆಯುವುದೋ ಬೇಡವೋ ಅಂತ ನಾನು ನಿಂತಿದ್ದರೆ, ಅವಳೇ ಬಂದು ಕೂತು, "ಏನ್ರೀ, ಹೋಮ್‌ವರ್ಕ್ ಮುಗೀತಾ?" ಅಂದಳು. ಲೆಕ್ಕದ ಪ್ರಕಾರ ನೂರು ಸೆಂಟು ಕೆಳಗೆ ಹಾಕಿದೆ, ಮೂರು ಸಲ ನೋಡಿಕೊಂಡು.

ಹದಿನೆಂಟನೆಯ ದಿನ ಅದು ಆಯಿತು. ಎಷ್ಟೋ ವರ್ಷದಿಂದ ಹಾಡುತ್ತಿದ್ದ ಒಂದು ದೇವರನಾಮ ಎತ್ತಿಕೊಂಡಳು. ಚರಣದಲ್ಲಿ ಮೇಲಿನ ಷಡ್ಜ ಬರುವ ಜಾಗ ನನಗೂ ಗೊತ್ತು, ಅಲ್ಲಿ ಅವಳ ಹುಬ್ಬು ಮೇಲೇರುತ್ತದೆ. ಹುಬ್ಬು ಏರಿತು, ದನಿಯೂ ಏರಿತು, ಅಲ್ಲೇ ನಿಂತಿತು. ಒಡೆಯಲಿಲ್ಲ. ನಾನು ರೆಕಾರ್ಡು ಮಾಡುವುದನ್ನೇ ಮರೆತಿದ್ದೆ. ಆ ಬೋಳುತಲೆಯ ಮೇಷ್ಟರನ್ನೂ ಗೂಬೆಯನ್ನೂ ಕೀಲ್ಪಾಕಿನ ಡಾಕ್ಟರನ್ನೂ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಕೈಮುಗಿದೆ. ಅವಳ ಮುಂದೆ ಮಾತ್ರ ಏನೂ ಆಗದವನ ಹಾಗೆ, "ಪರವಾಗಿಲ್ಲ, ರೆಕಾರ್ಡಿಂಗ್ ಚೆನ್ನಾಗಿ ಬಂತು" ಅಂದೆ.

ಇಪ್ಪತ್ತು ದಿನ ಮುಗಿಯಿತು. ಇಪ್ಪತ್ತೊಂದನೆಯ ಬೆಳಿಗ್ಗೆ ಲ್ಯಾಪ್‌ಟಾಪು ತೆರೆದೆ. ರುಕ್ಮಿಣಿ ಎದುರು ಕೂತು, "ರೀ, ಇವತ್ತು ಇಳಿಸಬೇಡಿ" ಅಂದಳು.

"ಏನನ್ನ?"

"ಶ್ರುತೀನ. ನಾಲ್ಕೂವರೆಗೆ ಬಂದಾಯ್ತು, ಸಾಕು."

ನಾನು ಪರದೆಯನ್ನು ಮುಚ್ಚಿದೆ, ಮತ್ತೆ ತೆರೆದೆ. ದಿನಕ್ಕೆ ಹತ್ತು ಸೆಂಟಿನ ಲೆಕ್ಕವನ್ನು ಒಪ್ಪಿಕೊಂಡು, ಯಾವಾಗಿನಿಂದ ಗೊತ್ತು ಅಂತ ಕೇಳಿದೆ. "ಮೂರನೇ ದಿನದಿಂದ" ಅಂದಳು. "ನನ್ನ ಕಿವಿ ಬಿಡಿ. ನಿಮ್ಮ ಪೆಟ್ಟಿಗೆಯೊಳಗೆ ಒಬ್ಬಳು ಸೊಪ್ಪಿನವಳು ಇದ್ದಾಳಲ್ಲ, ಅವಳು ದಿನದಿಂದ ದಿನಕ್ಕೆ ಇಳೀತಾ ಹೋದಳು. ಅದೇ ಹೊತ್ತಿಗೆ ಹೊರಗೆ ನಿಜವಾದವಳು ಬಂದು ಅವಳ ಹಳೇ ಶ್ರುತಿಯಲ್ಲೇ ಕೂಗ್ತಾಳೆ. ಮೊದಲ ವಾರ ಒಳಗಿನವಳಿಗೆ ನೆಗಡಿ ಆಗಿತ್ತು. ಮೂರನೇ ವಾರ ಅವಳ ಅಣ್ಣ ಬಂದು ಮಾರ್ತಿದ್ದ." ನಾನು ಬಿಟ್ಟ ಹದಿನಾಲ್ಕನೆಯ ಪಾಠ ನೆನಪಾಯಿತು. ಹಾಗಾದರೆ ಆ ಗುರುವಾರ ಅತ್ತದ್ದು ಏಕೆ ಅಂದೆ. "ಅತ್ತಿದ್ದು ಯಾರು? ಹಿಂದಿನ ದಿನ ನೆಗಡಿ ಗಂಟಲಲ್ಲಿ ಕೂಗಿದವಳು ಇದ್ದಕ್ಕಿದ್ದ ಹಾಗೆ ಒಂದನೇ ಕ್ಲಾಸಿನ ಹುಡುಗಿ ಆಗಿಬಿಟ್ಟಳು. ನಿಮ್ಮೆದುರಿಗೆ ನಗೋಕಾಗುತ್ತಾ? ಅದಕ್ಕೇ ಒಳಗೆ ಹೋದೆ."

ಹಾಗಿದ್ದರೆ ಹೇಳಬಾರದಿತ್ತೇ ಅಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹೇಳಿದ್ದರೆ ನಿಲ್ಲಿಸ್ತಿದ್ದಿರಿ. ಶ್ರುತಿಪೆಟ್ಟಿಗೆ ತಿರುಪನ್ನ ನಾನಾಗಿ ತಿರುಗಿಸೋಕೆ ನನಗೆ ಕೈ ಬರ್ತಿರಲಿಲ್ಲ. ಮೇಷ್ಟರು ಕೂರಿಸಿದ ಜಾಗದಿಂದ ನಾನಾಗಿ ಇಳಿದ ಹಾಗೆ ಅನ್ನಿಸ್ತಿತ್ತು. ನೀವು ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸ್ತಿದ್ದಿರಿ, ನಾನು ಗೊತ್ತಿಲ್ಲದವಳ ಹಾಗೆ ಇಳಿದು ಬಂದೆ" ಅಂದಳು. ಆಮೇಲೆ ದನಿ ಬದಲಿಸಿ, "ಅದೂ ಅಲ್ಲದೆ ನೀವು ಜೀವಮಾನದಲ್ಲಿ ಮೊದಲನೇ ಸಲ ಹೋಮ್‌ವರ್ಕ್ ಮಾಡ್ತಿದ್ದಿರಿ, ಕೆಡಿಸೋಕೆ ಮನಸ್ಸಾಗಲಿಲ್ಲ" ಅಂತ ಸೇರಿಸಿದಳು. ಎದ್ದು ಕಪಾಟಿನಿಂದ ಶ್ರುತಿಪೆಟ್ಟಿಗೆ ತಂದಳು. ದಾರ ಬಿಚ್ಚುತ್ತ, "ಈ ಗಂಟು ನಂದಲ್ಲ" ಅಂದಳು. ತಿರುಪಿಗೆ ಬೆರಳಿಟ್ಟು ನಾಲ್ಕೂವರೆಗೆ ತಿರುಗಿಸಿದಳು. ನನಗೆ ಹದಿಮೂರು ಪಾಠ, ಸಾವಿರ ಪುಟ, ಇಪ್ಪತ್ತು ದಿನ ಹಿಡಿದ ಕೆಲಸಕ್ಕೆ ಅರ್ಧ ಸೆಕೆಂಡೂ ಆಗಲಿಲ್ಲ. ಆ ಅರ್ಧ ಸೆಕೆಂಡಿಗಾಗಿ ಇನ್ನೂ ಸಾವಿರ ಪುಟ ಓದಲು ನಾನು ತಯಾರಿದ್ದೆ.

ಅವತ್ತೇ ಪಾಠದ ಆ ನಾಲ್ಕು ಹುಡುಗಿಯರ ಮನೆಗೂ ಫೋನು ಹೋಯಿತು, ರಜೆ ಮುಗಿಯಿತು ಅಂತ. ನೀಲಿ ಗೂಬೆಗೆ ಥ್ಯಾಂಕ್ಸ್ ಬರೆದೆ, 'ಕಂಡುಹಿಡಿದರು ತಾನೇ?' ಅಂತ ಒಂದೇ ಸಾಲಿನ ಉತ್ತರ ಬಂತು. ಸೊಪ್ಪಿನವಳಿಗೆ ವಿಷಯ ಹೇಗೆ ಹೇಳುವುದು ಅಂತ ತಿಳಿಯದೆ, ಬೇಕಿಲ್ಲದಿದ್ದರೂ ದಿನಾ ಎರಡು ಕಟ್ಟು ಅರಕ್ಕೀರೆ ತೆಗೆದುಕೊಳ್ಳುತ್ತಿದ್ದೇನೆ. ಮನೆಯಲ್ಲಿ ಈಗ ಫ್ರಿಜ್ಜಿನ ಶಬ್ದ ಕೇಳಿಸುವುದಿಲ್ಲ.

ಒಂದು ಷರತ್ತು ಮಾತ್ರ ಬಂತು. ಶ್ರುತಿಯ ಜೊತೆ ಕೈಯಾಡಿಸಿದವನಿಗೆ ಶ್ರುತಿ ಗೊತ್ತಿರಬೇಕು ಅಂತ ರುಕ್ಮಿಣಿಯ ತೀರ್ಮಾನ. ಹಾಗಾಗಿ ಶನಿವಾರ ಸಂಜೆ ನಾಲ್ಕು ಹುಡುಗಿಯರ ಪಕ್ಕದಲ್ಲಿ, ಜಮಖಾನದ ತುದಿಯಲ್ಲಿ, ಅಡ್ವಾನ್ಸ್ಡ್ ಕೋರ್ಸಿನ ಹದಿಮೂರು ಪಾಠ ಮುಗಿಸಿದ ನಾನೂ ಕೂರುತ್ತೇನೆ. ಬದುಕಿನಲ್ಲಿ ಮೊದಲ ಬಾರಿಗೆ ಒಂದು ವಿದ್ಯೆಯನ್ನು ಮೊದಲಿನಿಂದ ಶುರು ಮಾಡಿದ್ದೇನೆ. ನಾಲ್ಕು ವಾರವಾಯಿತು, ಇನ್ನೂ 'ಸ' ಬಿಟ್ಟು ಮುಂದೆ ಹೋಗಲು ಅಪ್ಪಣೆ ಇಲ್ಲ. ಹೋದ ಶನಿವಾರ ನಾನು ಕಣ್ಣುಮುಚ್ಚಿ, ಎದೆತುಂಬಿ 'ಸಾ' ಹಿಡಿದಿದ್ದಾಗ ಪಕ್ಕದ ಏಳು ವರ್ಷದ ಹುಡುಗಿ, "ಮಿಸ್, ಅಂಕಲ್ ಕೊಂಜಂ ಕೀಳೆ ಪಾಡರಾರು" ಅಂತ ದೂರಿದಳು, ಅಂಕಲ್ ಸ್ವಲ್ಪ ಕೆಳಗೆ ಹಾಡುತ್ತಿದ್ದಾರೆ ಅಂತ. ರುಕ್ಮಿಣಿ ತಾಳ ಹಾಕುವುದನ್ನು ನಿಲ್ಲಿಸಲಿಲ್ಲ.

"ಇರಲಿ ಬಿಡಮ್ಮ" ಅಂದಳು. "ದಿನಕ್ಕೆ ಹತ್ತರ ಹಾಗೆ ಮೇಲೆ ಬರ್ತಾರೆ."